ಗಿರಣಿಯ ಫೆಲ್ಟು ಗುಡ್ಡ ಹತ್ತಿದ್ದು

ಮನುಷ್ಯನ ನಿಜವಾದ ಯೋಗ್ಯತೆ ತಿಳಿಯಬೇಕಾದರೆ ಅವನನ್ನು ಊರು ಮನೆಗಳಿಂದ ದೂರ ಒಯ್ದು, ಗುಡ್ಡದ ನೆತ್ತಿಯ ಮೇಲೆ, ಚಳಿಗಾಲದ ಬರಿಯ ಆಕಾಶದ ಕೆಳಗೆ, ಒಂದು ರಾತ್ರಿ ಒಂಟಿಯಾಗಿ ಇಟ್ಟು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನನ್ನು ಹಾಗೆ ಇಟ್ಟು ನೋಡಿದಾಗ ನಾನು ಒಂಟಿಯಾಗಿರಲಿಲ್ಲ. ಮಗ್ಗುಲಲ್ಲಿ ನನ್ನ ಮಾವನವರಿದ್ದರು. ಗುಡ್ಡ, ಚಳಿ, ಆಕಾಶ ಈ ಮೂರೂ ಕೂಡಿ ಒಬ್ಬನನ್ನು ಎಷ್ಟು ಪರೀಕ್ಷಿಸಬಲ್ಲವೋ ಅದಕ್ಕಿಂತ ಹೆಚ್ಚಾಗಿ ಹಳಿಯಾಳ ಪೇಟೆಯ ಒಬ್ಬ ಅಕ್ಕಿ ವ್ಯಾಪಾರಿ ಪರೀಕ್ಷಿಸಬಲ್ಲ. ನಾಲ್ಕು ಕಾಳು ಅಂಗೈಯಲ್ಲಿ ಹಿಡಿದು, ಒಂದನ್ನು ಹಲ್ಲಿನಿಂದ ಕಚ್ಚಿ ಇಡೀ ಚೀಲದ ಹಣೆಬರಹ ಹೇಳುವವರು ಅವರು. ನನ್ನನ್ನು ಕಚ್ಚಿ ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಆಗ ನಾನು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ಯಾರು ಯಾವ ಪಾಳಿಗೆ ಬಂದರು, ಯಾರು ಭೋಂಗಾ ಊದಿದ ಮೇಲೆ ಓಡಿ ಬಂದರು ಎಂಬುದನ್ನು ಬರೆದಿಡುವುದು ನನ್ನ ಕೆಲಸ. ಧಾರವಾಡದ ಕಡೆಯವನು; ವೈಶಾಖದಲ್ಲಿ ಲಗ್ನವಾಗಿತ್ತು. ಲಗ್ನವಾಗಿ ಏಳು ತಿಂಗಳಾದರೂ ಹೆಂಡತಿ ಶಾಂತವ್ವ ನನ್ನ ಜೊತೆ ಇದ್ದದ್ದು ಹನ್ನೊಂದು ದಿನ. ಆಷಾಢ ಬಂತೆಂದು ತವರಿಗೆ ಕರೆದೊಯ್ದರು. ಆಷಾಢ ಮುಗಿಯಿತು, ಮೊದಲ ಪಂಚಮಿ ತವರಿನಲ್ಲೇ ಆಗಬೇಕೆಂದರು. ಪಂಚಮಿ ಮುಗಿಯಿತು, ಮಾನವಮಿ ಹತ್ತಿರ ಬಂತಲ್ಲ ಎಂದರು. ಮಾನವಮಿ ಮುಗಿಯಿತು, ಅಳಿಯನೇ ದೀಪಾವಳಿಗೆ ಬರುವಾಗ ಮಗಳನ್ನು ಮುಂಚೆ ಕಳಿಸುವುದು ಎಂಥ ಪದ್ಧತಿ ಎಂದರು. ನಮ್ಮ ಪಂಚಾಂಗದಲ್ಲಿ ಇಷ್ಟೊಂದು ಹಬ್ಬಗಳಿವೆ ಎಂಬುದು ಲಗ್ನವಾಗುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಕಾಲನಿಯಲ್ಲಿ ನನಗೊಂದು ಮನೆ ಮಂಜೂರಾಗಿ, ಅದರಲ್ಲಿ ನಾನು, ಒಂದು ಸ್ಟೋವು ಮತ್ತು ಒಂದು ಹಲ್ಲಿ ಸಂಸಾರ ಹೂಡಿದ್ದೆವು.

ದೀಪಾವಳಿಗೆ ಹಳಿಯಾಳಕ್ಕೆ ಹೋದಾಗ ನಿಜವಾದ ಕಾರಣ ಹೊರಬಿತ್ತು. ಅದಕ್ಕೆ ನಾನೇ ಸಾಕ್ಷಿ ಒದಗಿಸಿದೆ. ನಸುಕಿನಲ್ಲಿ ಎಬ್ಬಿಸಿ ಎಣ್ಣೆ ಹಚ್ಚಿ ನೀರು ಹಾಕಿದರು. ನೀರು ಹಾಕಿಸಿಕೊಂಡವನು ಬಚ್ಚಲ ಒಲೆಯ ಮುಂದೆ ಕುಳಿತು, ಕಿವಿಗೆ ಮಫ್ಲರು ಸುತ್ತಿ, ಮೂಗು ಒರೆಸಿಕೊಳ್ಳುತ್ತ, ಸೂರ್ಯ ಮಾಳಿಗೆಯ ಮೇಲೆ ಬರುವವರೆಗೂ ಏಳಲಿಲ್ಲ. ಮಾವ ಶಿವಬಸಪ್ಪನವರು ಎರಡು ಸಲ ಬಂದು ನೋಡಿದರು. ಮೂರನೆಯ ಸಲ ಬಂದು ಮಣೆ ಹಾಕಿಕೊಂಡು ಕುಳಿತರು.

“ಅಳಿಯಾರ, ತಪ್ಪ ತಿಳ್ಕೋಬ್ಯಾಡ್ರಿ. ದಾಂಡೇಲಿ ಅಂದ್ರ ಅಡವಿ. ಮನಿ ಹಿಂದ ಬಿದಿರ ಮೆಳಿ, ಮುಂದ ಹೊಳಿ. ನೀವ ನೋಡಿದ್ರ ಹಂಡೇದ ಉರಿ ಬಿಟ್ಟ ಏಳವಲ್ರಿ. ನಾಳಿ ಏನರ ಬಂತಂದ್ರ ನೀವು ನನ್ನ ಮಗಳನ್ನ ಕಾಯವ್ರೋ, ಆಕೀನ ನಿಮ್ಮನ್ನ ಕಾಯಬೇಕೋ?”

“ಹಂಗೇನಿಲ್ರಿ ಮಾವಾರ. ನಾನೂ ಕಾಡಿನ್ಯಾಗ ಕ್ಯಾಂಪ್ ಮಾಡೇನಿ. ಕುಳಗಿಯೊಳಗ, ಡೇರೆದಾಗ.”

ಇದು ಸುಳ್ಳಲ್ಲ. ಅರಣ್ಯ ಇಲಾಖೆಯ ಕ್ಯಾಂಪಿಗೆ ಯಾರೋ ದೊಡ್ಡವರು ಬಂದಾಗ ಗಿರಣಿಯಿಂದ ನಾಲ್ಕು ಜನ ಹೋಗಿದ್ದೆವು. ಡೇರೆಯಲ್ಲಿ ಕುಳಿತು ಪೂರಿ, ಬಟಾಟಿ ಪಲ್ಯ ತಿಂದು, ಮಧ್ಯಾಹ್ನ ಮೂರಕ್ಕೆ ತಿರುಗಿ ಬಂದಿದ್ದೆವು. ಎಷ್ಟು ಹೊತ್ತಿಗೆ ತಿರುಗಿ ಬಂದಿರಿ ಎಂದು ಮಾವನವರು ಕೇಳಲಿಲ್ಲ; ನಾನು ಹೇಳಲಿಲ್ಲ. ಆದರೆ ಅವರ ಕಣ್ಣಿನಲ್ಲಿ ಕಾಳು ಕಚ್ಚಿ ನೋಡುವವನ ಬೆಳಕು ಬಂತು.

“ಹಂಗಾರ ಛಲೋನ ಆತು. ಕಡೀ ಸೋಮಾರ ನನ್ನ ಕೂಡ ಗುಡ್ಡಕ್ಕ ಬರ್ರಿ. ರಾತ್ರಿ ದೀಪ ಕಾಯೂಣು. ಮುಂಜಾನಿ ಪೂಜಿ ಮುಗಿಸಿ ಇಳಿಯೂಣು. ಆಮ್ಯಾಲ ಹುಡುಗೀನ ಕಳಸೂ ಮಾತ.”

ಗುಡ್ಡದ ಸಂಗತಿ ಹೀಗೆ. ಕುಂಬಾರವಾಡದಿಂದ ಮೂರು ತಾಸಿನ ಹಾದಿಯ ಒಂದು ಗುಡ್ಡದ ನೆತ್ತಿಯಲ್ಲಿ ಬಂಡೆಯ ಮೇಲೊಂದು ಲಿಂಗವಿದೆ. ಗುಡಿಯಿಲ್ಲ, ಪೂಜಾರಿಯಿಲ್ಲ. ಮಾವನವರ ಅಜ್ಜ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಗೋವೆಯ ಕಡೆಗೆ ಹೋಗುತ್ತಿದ್ದಾಗ ಒಮ್ಮೆ ದಾರಿ ತಪ್ಪಿ ಅಲ್ಲಿ ರಾತ್ರಿ ಕಳೆದು, ಬದುಕಿ ಉಳಿದರೆ ವರ್ಷಕ್ಕೊಮ್ಮೆ ಕಾರ್ತಿಕದ ಕಡೆಯ ಸೋಮವಾರ ದೀಪ ಹಚ್ಚುತ್ತೇನೆಂದು ಬೇಡಿಕೊಂಡರಂತೆ. ಬದುಕಿ ಉಳಿದರು. ಅಂದಿನಿಂದ ಆ ಮನೆಯವರು ಹೋಗುತ್ತಿದ್ದಾರೆ. ಸಂಜೆ ಹಚ್ಚಿದ ದೀಪ ಸೂರ್ಯ ಮೂಡುವವರೆಗೆ ಉರಿಯಬೇಕು. ಅದು ಉರಿಯುತ್ತಿರುವಾಗಲೇ ನೀರೆರೆದು ಲಿಂಗಪೂಜೆ ಮುಗಿಯಬೇಕು. ಆಮೇಲೆ ದೀಪ ಇಳಿಸಬೇಕು. ಮಾವನವರಿಗೆ ಗಂಡುಮಕ್ಕಳಿಲ್ಲ. ಮುಂಡಗೋಡದ ದೊಡ್ಡ ಅಳಿಯನವರು ಒಂದು ವರ್ಷ ಹೊರಟು, ಅರ್ಧ ಗುಡ್ಡ ಹತ್ತಿದ ಮೇಲೆ ಭತ್ತದ ಕೊಯ್ಲು ನೆನಪಾಗಿ ಇಳಿದುಹೋದರಂತೆ. ಅಂದಿನಿಂದ ಅವರ ಹೆಸರು ಬಂದಾಗ ಮಾವನವರು ‘ಪಾಪ, ಕೊಯ್ಲು’ ಎಂದಷ್ಟೇ ಹೇಳುತ್ತಾರೆ.

ಹಬ್ಬ ಮುಗಿಸಿ ದಾಂಡೇಲಿಗೆ ಹೊರಡುವ ಮುಂಚೆ ಬಾಗಿಲ ಮರೆಯಲ್ಲಿ ಶಾಂತವ್ವ ಸಿಕ್ಕಳು. “ಒಂದ ರಾತ್ರಿ ಹೆಂಗರ ಕಳೀರಿ. ಅಪ್ಪಾರ ಮುಂದ ಸೀನಬ್ಯಾಡ್ರಿ.”

“ಸೀನು ಬಂದ್ರ?”

“ಗುಡ್ಡದ ಆ ಕಡೆ ಹೋಗಿ ಸೀನ್ರಿ.”

ನಾನು ಸಿದ್ಧತೆಗೆ ತೊಡಗಿದೆ. ಗೋಣಿಚೀಲಕ್ಕೆ ಸೈಕಲ್ಲಿನ ಹಳೆಯ ಟ್ಯೂಬು ಹೊಲಿಸಿ ಬೆನ್ನಿಗೆ ಹೊರುವ ಚೀಲ ಮಾಡಿಸಿದೆ. ಹೊದೆಯಲು ಮಾತ್ರ ಸಾಮಾನ್ಯವಾದ ಕಂಬಳಿ ಸಾಲದೆನ್ನಿಸಿತು. ಆಗ ನೆನಪಾದದ್ದು ಫೆಲ್ಟು. ಕಾಗದದ ಗಿರಣಿಯ ಊರಲ್ಲಿ ಇರದವರಿಗೆ ಇದನ್ನು ಹೇಳಬೇಕು. ಗಿರಣಿಯ ಯಂತ್ರದ ಮೇಲೆ ಹಸಿ ಕಾಗದವನ್ನು ಹೊತ್ತು ಓಡುವ ದಪ್ಪನೆಯ ಉಣ್ಣೆಯ ಪಟ್ಟಿಗೆ ಫೆಲ್ಟು ಎನ್ನುತ್ತಾರೆ. ಅದು ಸವೆದ ಮೇಲೆ ತುಂಡು ಮಾಡಿ ಕೆಲಸಗಾರರಿಗೆ ಕೊಡುತ್ತಾರೆ. ದಾಂಡೇಲಿಯಲ್ಲಿ ಅದನ್ನು ಹಾಸದ, ಹೊದೆಯದ, ಬಾಗಿಲಿಗೆ ಇಳಿಬಿಡದ ಮನೆಯೇ ಇಲ್ಲ. ಮೆಷಿನ್ ಹೌಸಿನ ದತ್ತೋಬಾ ತನ್ನ ಪಾಲಿನದನ್ನು ಎರವಲು ಕೊಟ್ಟ. ಬೆಳಗಾವಿಯ ಕಡೆಯವನು, ಮಾತಿನಲ್ಲಿ ಧಾರಾಳಿ.

“ಅರೇ ಗುಮಾಸ್ತರ, ಇದನ್ನ ಹೊದ್ಕೊಂಡ ಹಿಮಾಲಯದಾಗ ಮಲಗ್ರಿ. ಬೆವರ ಬರ್ತೈತಿ, ಬೆವರ! ವಿಲಾಯತಿ ಕುರಿ ಉಣ್ಣಿ!”

ಸೋಮವಾರ ಬೆಳಿಗ್ಗೆ ಮಾವನವರು ಹಳಿಯಾಳದ ಬಸ್ಸಿನಲ್ಲಿ ದಾಂಡೇಲಿಗೆ ಬಂದರು. ಬಸ್ಸು ಬದಲಿಸಿ, ಸೂಪಾ ದಾಟಿ ಕುಂಬಾರವಾಡದಲ್ಲಿ ಇಳಿದೆವು. ಅರವತ್ತು ದಾಟಿದ ಅವರ ಹೆಗಲ ಮೇಲೆ ಒಂದು ಕರಿ ಕಂಬಳಿ, ಕೈಯಲ್ಲಿ ಎಣ್ಣೆಯ ಗಿಂಡಿ, ಬುತ್ತಿಯ ಗಂಟು, ಒಂದು ತಂಬಿಗೆ, ಒಂದು ತಾಮ್ರದ ಕೊಡ. ನನ್ನ ಬೆನ್ನ ಮೇಲೆ ಒಂದು ಕಾರ್ಖಾನೆ. ಅದನ್ನು ಹಿಂದಿನಿಂದ ಮುಂದಿನಿಂದ ನೋಡಿ ಮಾವನವರು, “ಅಳಿಯಾರ, ನಾವು ತಿರುಗಿ ಬರೂ ವಿಚಾರ ಐತಲ್ಲ?” ಎಂದು ಕೇಳಿದರು. ಗುಡ್ಡದ ಬುಡದಲ್ಲಿ ಒಂದು ಹಳ್ಳ. ಮೇಲೆ ನೀರಿನ ಹನಿಯೂ ಇಲ್ಲ. ಅಲ್ಲಿ ಕುಡಿಯಲು ತಂಬಿಗೆ ತುಂಬಿಕೊಂಡು, ಕೊಡವನ್ನೂ ತುಂಬಿ, ಅದರ ಬಾಯಿಗೆ ಎಲೆ ಕಟ್ಟಿ ನನ್ನ ಕೈಗೆ ಕೊಟ್ಟರು.

“ದೀಪ ನಂದು, ಎಣ್ಣಿ ನಂದು, ಬುತ್ತಿ ನಂದು. ನಿಮಗ ಒಂದ ಕೆಲಸ. ನೀರು. ಮುಂಜಾನಿ ಪೂಜಿಗೆ ಇದ ನೀರು.”

ಒಂದೇ ಕೆಲಸ ಕೊಟ್ಟರೆಂದು ನನಗೆ ಒಳಗೊಳಗೇ ಅವಮಾನವಾಯಿತು. ಈಗ ಯೋಚಿಸಿದರೆ ಅದೂ ಹೆಚ್ಚಾಯಿತು.

ನೆತ್ತಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ದಾರಿಯ ವರ್ಣನೆ ಮಾಡುವುದಿಲ್ಲ; ದಾರಿಯುದ್ದಕ್ಕೂ ನಾನು ನೋಡಿದ್ದು ಮಾವನವರ ಹಿಮ್ಮಡಿಗಳನ್ನು ಮಾತ್ರ, ಅವೂ ಸಾಕಷ್ಟು ದೂರದಿಂದ. ಅವರು ದೀಪ ಹಚ್ಚಿ, ಗಾಳಿಗೆ ಮರೆಯಾಗಿ ಕಲ್ಲು ಜೋಡಿಸಿ, ಕಟ್ಟಿಗೆ ಆರಿಸಲು ಆ ಕಡೆಗೆ ಇಳಿದರು. ನಾನು ಕೊಡವನ್ನು ಬಂಡೆಯ ಮೇಲಿಟ್ಟೆ. ಅಂತೂ ಹತ್ತಿದೆನಲ್ಲ ಎಂಬ ಹೆಮ್ಮೆಯಿಂದ, ಸೊಂಟದ ಮೇಲೆ ಕೈಯಿಟ್ಟು, ನಾಲ್ಕೂ ದಿಕ್ಕಿಗೆ ತಿರುಗಿ ನೋಡಬೇಕೆನ್ನಿಸಿತು. ಮೂರು ದಿಕ್ಕು ನೋಡಿದೆ. ನಾಲ್ಕನೆಯ ದಿಕ್ಕಿಗೆ ತಿರುಗುವಾಗ ಬೆನ್ನಿನ ಮೇಲಿನ ಫೆಲ್ಟು ನನಗಿಂತ ಅರ್ಧ ಕ್ಷಣ ತಡವಾಗಿ ತಿರುಗಿ ಕೊಡವನ್ನು ಬೀಸಿ ಹೊಡೆಯಿತು. ಕೊಡ ಉರುಳಿತು. ಬಂಡೆಯಿಂದ ಬಂಡೆಗೆ ಠಣ್, ಠಣ್, ಠಣ್ ಎನ್ನುತ್ತ ಕೆಳಗಿಳಿದು, ಒಂದು ಪೊದೆಯಲ್ಲಿ ನಿಂತಿತು. ನಾನು ಓಡಿಹೋಗಿ ಎತ್ತಿ ತಂದೆ. ಕೊಡದ ಒಂದು ಬದಿ ಒಳಕ್ಕೆ ತಗ್ಗಿ ಸೊಟ್ಟೆ ಬಿದ್ದಿತ್ತು. ನೀರು ಮಾತ್ರ ಗುಡ್ಡಕ್ಕೆ ಸಂದಿತ್ತು.

ಮಾವನವರು ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದರು. ಮುಖದಲ್ಲಿ ಎಂಥದೋ ಕಳೆ. “ಕೇಳಿದ್ರ್ಯಾ? ಘಂಟಿ!”

“ಹೂಂ ರೀ,” ಎಂದೆ. ಸೊಟ್ಟೆ ಬಿದ್ದ ಬದಿಯನ್ನು ಮೈಗೆ ಒತ್ತಿಕೊಂಡೆ.

“ಮೂವತ್ತ ವರ್ಷ ಬಂದೇನಿ. ಒಮ್ಮಿನೂ ಕೇಳಿದ್ದಿಲ್ಲ. ಗುಡಿ ಇಲ್ಲ, ಘಂಟಿ ಇಲ್ಲ, ದೀಪ ಹಚ್ಚಿದ ಕೂಡಲೆ ಮೂರ ಸಲ ಬಾರಿಸ್ತು. ಅಳಿಯಾರ, ನಿಮ್ಮ ಕಾಲಗುಣ!” ಎಂದು ಅವರು ಲಿಂಗಕ್ಕೆ ಕೈಮುಗಿದು ನಿಂತರು. ಪಕ್ಕದಲ್ಲಿ ಆ ಘಂಟೆಯನ್ನು ಬಗಲಲ್ಲಿ ಅವಚಿಕೊಂಡು ನಾನೂ ನಿಂತೆ. ಸತ್ಯ ಹೇಳುವುದಕ್ಕೆ ಪ್ರಶಸ್ತವಾದ ಕ್ಷಣಗಳು ಬಾಳಿನಲ್ಲಿ ಕೆಲವು ಬರುತ್ತವೆ. ಅದು ಅಂಥದ್ದಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು.

ಸೋಮವಾರದ ಉಪವಾಸ ಬಿಟ್ಟು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ತಂಬಿಗೆಯಲ್ಲಿದ್ದ ನೀರು ಊಟಕ್ಕೆ ಸರಿಹೋಯಿತು. ಖಾಲಿ ಕೊಡದ ಬಾಯಿಗೆ ಮತ್ತೆ ಎಲೆ ಕಟ್ಟಿ, ಮಗ್ಗುಲಲ್ಲಿಟ್ಟುಕೊಂಡು ಕುಳಿತೆ. ಮಾವನವರು ಮೆಚ್ಚಿ ತಲೆದೂಗಿದರು. “ನೀರ ಮ್ಯಾಲ ಎಷ್ಟ ಜ್ವಾಕಿ!” ಆ ಮಾತಿಗೆ ನಾನು ಎಲೆಯ ಕಟ್ಟನ್ನು ಇನ್ನೊಂದು ಸಲ ಬಿಗಿದೆ.

ಬಂಡೆಯಿಂದ ಒಂದು ನೇರಲ ಗಿಡಕ್ಕೆ ಹಗ್ಗ ಕಟ್ಟಿ, ಫೆಲ್ಟನ್ನು ಮೇಲೆ ಹೊದಿಸಿ ಡೇರೆ ಮಾಡಿದೆ. ಮಾವನವರು ಕಂಬಳಿ ಹೊದ್ದು, ದೀಪ ಕಾಣುವ ಹಾಗೆ ಕುಳಿತು, ಎಣ್ಣೆ ಹಾಕುವ ಹೊತ್ತಿಗೊಮ್ಮೆ ಏಳುತ್ತ ನಡುನಡುವೆ ತೂಕಡಿಸುತ್ತಿದ್ದರು. ನಾನು ಲೆಕ್ಕ ಹಾಕುತ್ತಿದ್ದೆ. ಹಳ್ಳಕ್ಕೆ ಇಳಿಯಲು ಒಂದೂವರೆ ತಾಸು, ಹತ್ತಲು ಎರಡು. ಹಾದಿಯಲ್ಲಿ ಕರಡಿಗಳು. ಬೆಳಕು ಹರಿದ ಮೇಲೆ ಹೋದರೆ ತಿರುಗಿ ಬರುವುದರೊಳಗೆ ಸೂರ್ಯ ಮೂಡಿ, ಎಣ್ಣೆ ತೀರಿ, ದೀಪ ಆರಿ, ಮೂವತ್ತು ವರ್ಷದ ಪೂಜೆ ತಪ್ಪಿರುತ್ತದೆ. ಲಿಂಗಪೂಜೆಯಾಗದೆ ಮಾವನವರು ಬಾಯಿಗೆ ತೊಟ್ಟು ನೀರೂ ಹಾಕುವವರಲ್ಲ. ಒಣಬಾಯಿಯಿಂದ ಅವರು ಗುಡ್ಡವಿಳಿಯುವುದು ಕಣ್ಣಿಗೆ ಕಟ್ಟಿತು. ಇನ್ನು ಮುಂದೆ ನನ್ನ ಹೆಸರು ಬಂದಾಗ ಆ ಮನೆಯಲ್ಲಿ ‘ಪಾಪ, ಕೊಡ’ ಎನ್ನುತ್ತಾರೆ. ಶಾಂತವ್ವನಿಗೆ ಸಂಕ್ರಾಂತಿ ಇದೆ, ಶಿವರಾತ್ರಿ ಇದೆ, ಯುಗಾದಿ ಇದೆ. ನನಗೆ ಹಲ್ಲಿ ಇದೆ. ಈ ವಿಚಾರಗಳ ಗದ್ದಲದಲ್ಲಿ ಚಳಿಯನ್ನು ಗಮನಿಸಲು ಪುರಸೊತ್ತಾಗಲಿಲ್ಲ. ಎರಡು ಸೀನು ಬಂದವು. ಎರಡನ್ನೂ ಮಫ್ಲರಿನೊಳಗೆ ಸೀನಿ, ಅಲ್ಲೇ ಇಟ್ಟುಕೊಂಡೆ.

ನಸುಕಿಗೆ ಸ್ವಲ್ಪ ಮುಂಚೆ ಗೋವೆಯ ಕಡೆಯಿಂದ ಮಂಜು ಎದ್ದಿತು. ಹಾಲಿನ ಪಾತ್ರೆಯೊಳಗೆ ಕುಳಿತಂತಾಯಿತು. ಆಗ ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು. ನನ್ನದೇ ಇರಬೇಕೆಂದು ಒರೆಸಿಕೊಂಡೆ. ಇನ್ನೊಂದು ಬಿತ್ತು. ಕೈಯೆತ್ತಿ ಮುಟ್ಟಿದರೆ ಫೆಲ್ಟು ಎಮ್ಮೆಯ ಹೊಟ್ಟೆಯಂತೆ ಕೆಳಗೆ ಜೋತಿತ್ತು. ಒತ್ತಿದೆ, ತೋಳಿನಗುಂಟ ನೀರು ಬಗಲಿನವರೆಗೂ ಹರಿಯಿತು. ದತ್ತೋಬಾನನ್ನು ಮನಸ್ಸಿನಲ್ಲೇ ಬೈಯುತ್ತಿರುವಾಗ ಒಂದು ಸಂಗತಿ ಹೊಳೆಯಿತು. ಅದು ದಿನವೂ ಆ ಯಂತ್ರದವರ ಹಾಜರಿ ಬರೆಯುವ ನನಗೆ ವಾರದ ಹಿಂದೆಯೇ ಹೊಳೆಯಬೇಕಿತ್ತು. ಫೆಲ್ಟು ಯಂತ್ರದ ಮೇಲಿರುವುದೇ ಹಸಿ ಕಾಗದದ ನೀರು ಕುಡಿಯುವುದಕ್ಕೆ. ಹುಟ್ಟಿದಾಗಿನಿಂದ ಅದು ಮಾಡಿದ್ದು ಅದೊಂದೇ ಕೆಲಸ. ಅಂಥದನ್ನು ನಾನು ರಾತ್ರಿಯಿಡೀ ಮಂಜಿನಲ್ಲಿ ಬಿಚ್ಚಿ ಹರಡಿದ್ದೆ. ಪಾಪ, ಅದು ರಾತ್ರಿಪಾಳಿ ಎಂದು ತಿಳಿದು ದುಡಿದಿತ್ತು.

ಆದರೆ ಫೆಲ್ಟಿನ ನೀರನ್ನು ಪೂಜೆಗೆ ಕೊಡುವಷ್ಟು ಧೈರ್ಯ ನನಗಿರಲಿಲ್ಲ. ಉಣ್ಣೆ ಮಾಡುವ ಕೆಲಸವನ್ನು ಹತ್ತಿಯ ಅರಿವೆ ಮಾಡದೇ ಎಂದುಕೊಂಡೆ. ಚೀಲದಲ್ಲಿ ಮುಂಜಾನೆಯ ಪೂಜೆಗೆಂದು ಶಾಂತವ್ವ ತೊಳೆದು ಮಡಿಸಿ ಕೊಟ್ಟ ಧೋತ್ರವಿತ್ತು. ದೀಪಾವಳಿಗೆ ಮಾವನವರೇ ಉಡಿಸಿದ್ದು. ಅದನ್ನು ಗಾಳಿ ಬರುವ ಕಡೆಗೆ ಎರಡು ಗಿಡಗಳ ನಡುವೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಸಾಸಿವೆಯಂಥ ಹನಿಗಳು ಕೂಡಿದವು. ಇನ್ನೂ ಸ್ವಲ್ಪ ಹೊತ್ತಿಗೆ ಧೋತ್ರ ಮೈಗೆ ಮೈ ಅಂಟಿಸಿಕೊಂಡು ಇಳಿಬಿತ್ತು. ತಂಬಿಗೆ ಹಿಡಿದು ಹಿಂಡಿದೆ. ತಳ ಮುಚ್ಚುವಷ್ಟು ಬಂತು. ಮತ್ತೆ ಕಟ್ಟಿದೆ. ಎರಡನೆಯ ಸಲ ಹಿಂಡುವಾಗ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹಿಂದಿನಿಂದ ದನಿ ಬಂತು.

“ಧೋತ್ರ ಒಗ್ಯಾಕ ಹತ್ತೀರೇನು, ಈ ಹೊತ್ತಿನ್ಯಾಗ?”

ಮಾವನವರು ಕಂಬಳಿ ಹೊದ್ದು ನಿಂತಿದ್ದರು. ಇನ್ನು ಮುಚ್ಚಿಡುವಂತಿರಲಿಲ್ಲ. “ಮಾವಾರ, ಕೊಡ ಖಾಲಿ ಐತ್ರಿ. ನಿನ್ನೆ ಸಂಜೀನ ಚೆಲ್ಲೇತ್ರಿ. ನಾನ ಚೆಲ್ಲಿದ್ರಿ.”

ಅವರು ಕೊಡ ನೋಡಿದರು. ಸೊಟ್ಟೆ ನೋಡಿದರು. ಬಂಡೆ ನೋಡಿದರು. “ಹಂಗಾರ ನಿನ್ನಿ ಆ ಘಂಟಿ...”

“ಕೊಡ ರೀ.”

ಅವರು ದೀಪದ ಕಡೆ ತಿರುಗಿದರು. ಮೂಡಲ ಕಡೆ ಮಂಜು ಕೆಂಪಗಾಗತೊಡಗಿತ್ತು. ದೀಪದಲ್ಲಿ ಎಣ್ಣೆ ಬೆರಳಷ್ಟು ಉಳಿದಿತ್ತು. ತಂಬಿಗೆಯನ್ನು ಕೈಗೆ ತೆಗೆದುಕೊಂಡು, ಬಗ್ಗಿ ನೋಡಿ, ಮೂಸಿ ನೋಡಿದರು. ಇನ್ನು ಹಲ್ಲಿನಿಂದ ಕಚ್ಚುವುದೊಂದು ಬಾಕಿ.

“ಇನ್ನೂ ನೆಲ ಮುಟ್ಟಿಲ್ಲ ಈ ನೀರು,” ಎಂದರು ತಮ್ಮಷ್ಟಕ್ಕೆ. “ಕೆರಿದಲ್ಲ, ಬಾವಿದಲ್ಲ. ಯಾರೂ ಎಂಜಲ ಮಾಡಿಲ್ಲ. ಇದಕ್ಕಿಂತ ಮಡಿ ಎಲ್ಲೈತಿ?” ಆಮೇಲೆ ಕಂಬಳಿ ಕೆಳಗೊಗೆದು ಧೋತ್ರದ ಒಂದು ತುದಿ ಹಿಡಿದರು. “ಒಬ್ಬಾಂವ ಹಿಂಡಿದ್ರ ಹಿಂಗ ಆಗೂದ. ಹಿಡಿ ಆ ತುದಿ. ನೀ ಬಲಕ್ಕ ತಿರುವು, ನಾ ಎಡಕ್ಕ ತಿರುವತೇನಿ. ಜೋರಲೆ! ಉಂಡಿಲ್ಲೇನ ನಿನ್ನಿ?”

ಹಳಿಯಾಳ ಪೇಟೆಯ ಶಿವಬಸಪ್ಪನವರು ಒಂದು ತುದಿ, ಟೈಮ್ ಆಫೀಸಿನ ಗುಮಾಸ್ತ ಇನ್ನೊಂದು ತುದಿ. ಹೊಳೆದಂಡೆಯಲ್ಲಿ ಅಗಸರು ತಿರುವುವಂತೆ ತಿರುವಿದೆವು. ಮತ್ತೆ ಕಟ್ಟಿದೆವು, ಮತ್ತೆ ತಿರುವಿದೆವು. ಅವರ ಶಲ್ಯವೂ ಪಾಳಿಗೆ ಬಂತು. ತಂಬಿಗೆ ಕಂಠದವರೆಗೆ ಬಂದಾಗ ಸೂರ್ಯ ಇನ್ನೂ ಮಂಜಿನ ಕೆಳಗಿದ್ದ. ದೀಪ ಉರಿಯುತ್ತಿತ್ತು. ಮಾವನವರು ವಿಭೂತಿ ಹಚ್ಚಿಕೊಂಡು ಕುಳಿತು ಆ ನೀರನ್ನು ಲಿಂಗದ ಮೇಲೆ ತೊಟ್ಟು ತೊಟ್ಟಾಗಿ ಎರೆದರು. ನಾನು ಆ ದಿನ ಮಾಡಿದಷ್ಟು ಮನಸ್ಸಿಟ್ಟು ಪೂಜೆಯನ್ನು ಅದರ ಮುಂಚೆ ಮಾಡಿಲ್ಲ. ಸೋಮಾರಿಯಾದ್ದರಿಂದ ಆಮೇಲೂ ಮಾಡಿಲ್ಲ. ಬಿಸಿಲಿನ ಮೊದಲ ಗೆರೆ ಬಂಡೆಯ ಮೇಲೆ ಬಿದ್ದಾಗ ಅವರು ದೀಪ ಇಳಿಸಿದರು.

ಆಮೇಲೆ ಚಹಾ. ನೀರೆಲ್ಲ ಪೂಜೆಗೆ ಮುಗಿದಿತ್ತು. ಅವರು ಆ ಕಡೆ ತಿರುಗಿದಾಗ ನನ್ನ ಚೀಲದಿಂದ ಪಾತ್ರೆ ತೆಗೆದು, ಫೆಲ್ಟಿನ ಒಂದು ಮೂಲೆಯನ್ನು ಅದರ ಮೇಲೆ ಹಿಡಿದು ಕೊಂಚ ಒತ್ತಿದೆ, ಧಾರಾಳವಾಗಿ ಕೊಟ್ಟಿತು. ಕಟ್ಟಿಗೆ ಹೊತ್ತಿಸಿ, ಚಹಾಪುಡಿ, ಬೆಲ್ಲ ಹಾಕಿ ಕುದಿಸಿದೆ. ಮಾವನವರು ಎರಡು ಬಟ್ಟಲು ಕುಡಿದರು.

“ಛಲೋ ಆಗೇತಿ. ಒಂದೀಟ ಕುರಿ ವಾಸನಿ ಬಂದಂಗಾಗತೈತಿ.”

“ಹಾಲಿಲ್ಲಲ್ರಿ, ಅದಕ್ಕ,” ಎಂದೆ.

ಇಳಿಯುವಾಗ ಫೆಲ್ಟು ಬೆನ್ನಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಒಂದು ಬಿದಿರ ಗಳಕ್ಕೆ ಅದನ್ನು ಕಟ್ಟಿ, ಮುಂದೆ ಮಾವನವರು ಹಿಂದೆ ನಾನು, ಹೆಗಲು ಕೊಟ್ಟು ನಡೆದೆವು. ಕುಂಬಾರವಾಡ ಮುಟ್ಟಿದಾಗ ಬಸ್ಸಿಗೆ ಕಾದಿದ್ದ ಹತ್ತು ಹನ್ನೆರಡು ಮಂದಿ ಎದ್ದು ನಿಂತರು. ಗಳದಿಂದ ತೂಗುವ, ನೀರು ಸೋರುವ, ಬೂದುಬಣ್ಣದ ಆ ದೊಡ್ಡ ಮೈಯನ್ನು ನೋಡಿ ಒಬ್ಬ ಮುದುಕ ಕೊಂಕಣಿಯಲ್ಲಿ ಏನೋ ಕೇಳಿದ. ಏನು ಹೊಡೆದಿರಿ ಎಂದಿರಬೇಕು.

“ಮಂಜ ಹೊಡದೇವಿ!” ಎಂದರು ಮಾವನವರು, ಗಳ ಇಳಿಸದೆ. “ನಮ್ಮ ಅಳಿಯಂದು ಗುರಿ!”

ಹಳಿಯಾಳದ ಪೇಟೆಯಲ್ಲಿ ಆ ವಾರವೆಲ್ಲ ಇದೇ ಮಾತಂತೆ. ಶಾಂತವ್ವ ಕಾಗದ ಬರೆದು ತಿಳಿಸಿದಳು. ಅಂಗಡಿಗೆ ಬಂದವರಿಗೆಲ್ಲ ಮಾವನವರು ಮೊದಲು ಘಂಟೆಯ ಸಂಗತಿ ಹೇಳುತ್ತಾರೆ, ಮೂರು ಸಲ ಬಾರಿಸಿದ್ದು, ಅದು ಅಳಿಯನ ಕಾಲಗುಣ ಎಂದು. ಆಮೇಲೆ ಆಕಾಶದಿಂದ ನೀರು ಇಳಿಸಿದ್ದು. ಕೊಡದ ಮಾತು ಎಲ್ಲೂ ಬರುವುದಿಲ್ಲ. ನಾನೂ ಆ ಘಂಟೆಯ ಬಗ್ಗೆ ಯಾರಾದರೂ ಕೇಳಿದರೆ, ದೂರದಿಂದ ಕೇಳಿಸಿತು ಎಂದು ಗಂಭೀರವಾಗಿ ಹೇಳುವುದನ್ನು ರೂಢಿಮಾಡಿಕೊಂಡೆ. ಹೀಗೆ ಐದಾರು ಸಲ ಹೇಳಿದ ಮೇಲೆ ಕೊಡ ಉರುಳಿದ್ದು ನಿಜವೇ ಎಂದು ನನಗೇ ಸಂಶಯ ಬರತೊಡಗಿತು.

ಮರು ಸೋಮವಾರ ಮಧ್ಯಾಹ್ನದ ಬಸ್ಸಿಗೆ ಶಾಂತವ್ವ ದಾಂಡೇಲಿಗೆ ಬಂದಳು.